ಎದ್ದ ಕೂಡಲೇ ಎಡಕ್ಕೆ ಮಗುಚಿದ್ದೇಕೆ?

ಪ್ರಶ್ನೆ: ಸರ್, ಹುತ್ತರಿ ಕಳೆದ ಮೇಲೆ ನಮ್ಮ ಕುಯ್ಲಾದ ಗದ್ದೆಯಲ್ಲಿ ಮಂಗಳೂರಿನ ಸ್ನೇಹಿತರೊಬ್ಬರು ತಮ್ಮ ದೊಡ್ಡ ರೇಡಿಯೋ ಕಂಟ್ರೋಲ್ ವಿಮಾನ ಹಾರಿಸಿದರು. ಎರಡು ಗ್ಲೋ ಎಂಜಿನ್, ಅಂದರೆ ಇಂಧನದಿಂದ ಓಡುವ ಪುಟ್ಟ ಎಂಜಿನ್. ನೆಲ ಬಿಟ್ಟದ್ದೇ ತಡ, ಎಡಕ್ಕೆ ಮಗುಚಿ ಬಿತ್ತು. ಸಿಗ್ನಲ್ ಹೋಯ್ತು ಅಂತಾರೆ. ಹೌದಾ?
– ಓದುಗರು, ಮಡಿಕೇರಿ

ಉತ್ತರ: ಸಿಗ್ನಲ್‌ಗೆ ಬಾಯಿಲ್ಲ ನೋಡಿ, ಎಲ್ಲ ತಪ್ಪೂ ಅದರ ತಲೆಗೆ! ಮೊದಲು ಎರಡೂ ಪ್ರೊಪೆಲ್ಲರ್ ಹುಡುಕಿ ತನ್ನಿ. ತಿರುಗುತ್ತಾ ನೆಲಕ್ಕೆ ಬಡಿದದ್ದರ ಎರಡೂ ಅಲಗು ಸಾಮಾನ್ಯವಾಗಿ ಚೂರಾಗಿರುತ್ತವೆ. ನಿಂತಿದ್ದ ಎಂಜಿನ್ನಿನದ್ದಾದರೆ ಒಂದೇ ಅಲಗು ಮುರಿದಿರುತ್ತದೆ, ಇಲ್ಲವೇ ಎರಡೂ ನೆಟ್ಟಗಿರುತ್ತವೆ. ಎಡಗಡೆಯದ್ದು ಹಾಗಿದ್ದರೆ ಕೇಸು ಅಲ್ಲಿಗೇ ಮುಗಿಯಿತು.

ವಾಯುಪಡೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಿಯೇ ಪೆನ್ಷನ್‌ಗೆ ಬಂದವನು ನಾನು. ನನ್ನ ಅನುಮಾನ ನೀಡಲ್ ಮೇಲೆ, ಅಂದರೆ ಎಂಜಿನ್ನಿಗೆ ಹೋಗುವ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ತಿರುಪಿನ ಮೇಲೆ. ಮಂಗಳೂರು ಕಡಲ ಮಟ್ಟದ ಊರು, ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಶೇ. 10ರಷ್ಟು ತೆಳು. ಅಲ್ಲಿ ಟ್ಯೂನ್ ಮಾಡಿದ ಎಂಜಿನ್ ಇಲ್ಲಿ ಗಾಳಿ ಸಾಲದೆ ಗೊರಗೊರ ಅನ್ನುತ್ತದೆ. ಸರಿ, ನೀಡಲ್ ಬಿಗಿ ಮಾಡಿ ಇಂಧನ ಕಡಿಮೆ ಮಾಡುತ್ತಾರೆ. ಅದರ ಮೇಲೆ ಇನ್ನೊಂದು ಹುಚ್ಚು: ಎರಡೂ ಒಂದೇ ಸಮ ತಿರುಗಲಿ ಅಂತ ನಿಧಾನದ್ದನ್ನು ಮತ್ತಷ್ಟು ಬಿಗಿ ಮಾಡುವುದು. ನೆಲದ ಮೇಲೇನೋ ಭರ್ಜರಿ ಸದ್ದು ಬರುತ್ತದೆ. ವಿಮಾನ ಮೂತಿ ಎತ್ತಿದಾಗ ಟ್ಯಾಂಕ್ ಕಾರ್ಬುರೇಟರಿಗಿಂತ ಕೆಳಗಾಗುತ್ತದೆ, ಇಂಧನ ಇನ್ನೂ ಕಡಿಮೆಯಾಗುತ್ತದೆ, ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಸಮ ಬೇಕೇ ಬೇಕು ಅನ್ನುವವರು ಜೋರಾಗಿ ತಿರುಗುವುದನ್ನೇ ಸ್ವಲ್ಪ ಸಡಿಲ ಮಾಡಬೇಕು. ಆಮೇಲೆ ಪ್ರೊಪೆಲ್ಲರ್‌ಗಳ ಹಿಂದೆ ನಿಂತು, ವಿಮಾನ ಗಟ್ಟಿಯಾಗಿ ಹಿಡಿದು, ಫುಲ್ ಥ್ರಾಟಲ್‌ನಲ್ಲಿ ಮೂತಿ ಎತ್ತಿ ನೋಡಿ. ಸದ್ದು ತುಸು ಏರಿದರೆ ಒಳ್ಳೆಯದು. ಕುಸಿದರೆ ಬಿಗಿ ಜಾಸ್ತಿಯಾಗಿದೆ ಅಂತಲೇ ಅರ್ಥ.

ಎಂಜಿನ್ ನಿಂತದ್ದು ಅರ್ಧ ಕತೆ. ಉಳಿದರ್ಧ ಬೆರಳಿನದ್ದು. ಎಡದ್ದು ನಿಂತಾಗ ಬಲದ್ದು ಮೂತಿಯನ್ನು ಎಡಕ್ಕೆ ತಿರುಗಿಸುತ್ತದೆ. ವೇಗ ಇದ್ದರೆ ರಡ್ಡರ್ (ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ತಡೆದೀತು. ಆಗ ತಾನೇ ಎದ್ದ ವಿಮಾನಕ್ಕೆ ಎಲ್ಲಿಯ ವೇಗ? ನಮ್ಮ ತೆಳು ಗಾಳಿಯಲ್ಲಿ ಏಳುವುದಕ್ಕೇ ಶೇ. 5ರಷ್ಟು ಜಾಸ್ತಿ ವೇಗ ಬೇಕು, ಗದ್ದೆಯ ಕೂಳೆ ಬೇರೆ ಚಕ್ರ ಹಿಡಿಯುತ್ತದೆ. ಎದುರಿಗೆ ಸಿಲ್ವರ್ ಓಕ್ ಸಾಲು ಕಂಡು ಗಾಬರಿಯಾಗಿ ಬೇಗನೆ ಎಲಿವೇಟರ್ (ಮೂತಿ ಎತ್ತಿ ಇಳಿಸುವ ಬಾಲದ ಪಟ್ಟಿ) ಎಳೆಯುವವರೇ ಹೆಚ್ಚು. ಅಷ್ಟರಲ್ಲಿ ಎಡ ರೆಕ್ಕೆ ಇಳಿಯುತ್ತದೆ. ಬೆರಳು ತಾನಾಗಿ ಏಲೆರಾನ್ (ವಿಮಾನವನ್ನು ಎಡ-ಬಲಕ್ಕೆ ವಾಲಿಸುವ ರೆಕ್ಕೆಯಂಚಿನ ಪಟ್ಟಿ) ಸ್ಟಿಕ್ಕನ್ನು ಬಲಕ್ಕೆ ತಳ್ಳುತ್ತದೆ. ಎಡ ರೆಕ್ಕೆಯ ಏಲೆರಾನ್ ಕೆಳಕ್ಕೆ ಬಾಗುತ್ತದೆ, ಮೊದಲೇ ಸೋತಿದ್ದ ಆ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಮಗುಚಿತು!

ಅಂಥ ಹೊತ್ತಿನಲ್ಲಿ ಥ್ರಾಟಲ್ ಪೂರ್ತಿ ಇಳಿಸಿ, ಮೂತಿ ತಗ್ಗಿಸಿ, ರಡ್ಡರಿನಿಂದ ನೇರ ಹಿಡಿದು ಎದುರಿಗೇ ಇಳಿಸಬೇಕು. ಕಾಫಿ ಗಿಡದ ಮೇಲಾದರೂ ಸರಿ. ಚಕ್ರ ಹೋದೀತು, ವಿಮಾನ ಉಳಿದೀತು. ತಿರುಗಿಸಿ ವಾಪಸ್ ತರುವ ಆಸೆ ಬೇಡ. ನಾಲ್ಕು ಎಂಜಿನ್ನಿನದಕ್ಕೂ ಇದೇ ಮಾತು; ಅದರಲ್ಲಿ ಹೊರಗಿನ ಎಂಜಿನ್ ನಿಂತರೆ ಕಾಟ ಜಾಸ್ತಿ.

ಸಿಗ್ನಲ್ ಅನುಮಾನಕ್ಕೆ ಒಂದಿಷ್ಟು ಜಾಗ ಇರುವುದು ಎಲೆಕ್ಟ್ರಿಕ್ ವಿಮಾನದಲ್ಲಿ. ಎಲ್ಲ ಮೋಟಾರೂ ಒಟ್ಟಿಗೆ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ಕ್ಷಣ ಹೊತ್ತು ಸತ್ತಂತಾಗಬಹುದು. ಅದಕ್ಕೆ ರಿಸೀವರಿಗೆ ಬೇರೆಯೇ ಬ್ಯಾಟರಿ ಕೊಡಿ.