ಎಂಡೋಸ್ಕೋಪಿ ಸಹಜವಿದ್ದರೂ ನುಂಗಲು ಕಷ್ಟವಾದರೆ
ಎಂಡೋಸ್ಕೋಪಿ ಸಹಜವಾಗಿದ್ದರೂ ಗಟ್ಟಿ ಆಹಾರವೂ ನೀರೂ ಎದೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಮುಂದೇನು ಎಂದು ಕೇಳಿದ್ದೀರಿ. ಆರಂಭದಿಂದಲೇ ಎರಡೂ ಸರಾಗವಾಗಿ ಇಳಿಯದಿದ್ದರೆ ಅನ್ನನಾಳದ ಚಲನೆಯಲ್ಲೇ ದೋಷವಿರಬಹುದೆಂದು ಶಂಕಿಸಬೇಕಾಗುತ್ತದೆ. ಎಂಡೋಸ್ಕೋಪಿ ಒಳಪದರವನ್ನು ತೋರಿಸುತ್ತದೆಯೇ ಹೊರತು ಸ್ನಾಯುಗಳ ಒತ್ತಡವನ್ನು ಅಳೆಯುವುದಿಲ್ಲ. ಆದ್ದರಿಂದ ಹೈ ರೆಸಲ್ಯೂಷನ್ ಮ್ಯಾನೊಮೆಟ್ರಿ ಪರೀಕ್ಷೆಯ ಬಗ್ಗೆ ನಿಮ್ಮ ತಜ್ಞವೈದ್ಯರನ್ನು ದಯವಿಟ್ಟು ಕೇಳಿ: ಮೂಗಿನ ಮೂಲಕ ಇಳಿಸಿದ ತೆಳುವಾದ ಕೊಳವೆಯು ಪ್ರತಿ ಗುಟುಕಿಗೂ ಸ್ನಾಯುಗಳು ಹೇಗೆ ಸಂಕುಚಿಸುತ್ತವೆ, ಕೆಳಗಿನ ಕವಾಟ ಸಡಿಲಗೊಳ್ಳುತ್ತದೆಯೇ ಎಂಬುದನ್ನು ದಾಖಲಿಸುತ್ತದೆ. ಬೇರಿಯಂ ದ್ರವವನ್ನು ಕುಡಿಸಿ ತೆಗೆಯುವ ಎಕ್ಸ್‌ರೇ ಇದಕ್ಕೆ ಪೂರಕ. ಮಾರ್ಫಿನ್‌ನಂಥ ಒಪಿಯಾಯ್ಡ್ ನೋವುನಿವಾರಕ ಸೇವಿಸುತ್ತಿದ್ದರೆ ಮರೆಯದೆ ತಿಳಿಸಿ, ಅವೂ ಇಂಥದೇ ಚಿತ್ರಣವನ್ನು ಉಂಟುಮಾಡಬಲ್ಲವು. ಅಕಲೇಸಿಯಾ, ಅಂದರೆ ಕೆಳಗಿನ ಕವಾಟ ಸರಿಯಾಗಿ ಸಡಿಲಗೊಳ್ಳದ ಕಾಯಿಲೆ, ಖಚಿತವಾದರೆ ಆ ಕವಾಟವನ್ನು ಬಲೂನಿನಿಂದ ಹಿಗ್ಗಿಸುವುದು, ಅದರ ಸ್ನಾಯುವನ್ನು ಕತ್ತರಿಸುವ ಹೆಲ್ಲರ್ ಶಸ್ತ್ರಚಿಕಿತ್ಸೆ, ಬಾಯಿಯ ಮೂಲಕವೇ ಆ ಸ್ನಾಯುವನ್ನು ಕತ್ತರಿಸುವ ಪೋಯೆಮ್ ಎಂಬ ಎಂಡೋಸ್ಕೋಪಿ ವಿಧಾನ, ಮೂರೂ ಪರಿಣಾಮಕಾರಿ. ಅನ್ನನಾಳ ಸೆಳೆತದಿಂದ ಸಂಕುಚಿಸುವ ಮೂರನೆಯ ವಿಧದ ಅಕಲೇಸಿಯಾಕ್ಕೆ ಪೋಯೆಮ್ ಹೆಚ್ಚು ಸೂಕ್ತ, ಆದರೆ ಅನಂತರ ಆಮ್ಲದ ಹಿಮ್ಮುಖ ಹರಿವು ಕಾಡಬಹುದು. ತೂಕ ಇಳಿಯುತ್ತಿದ್ದರೆ ಖಂಡಿತ ತಡಮಾಡಬೇಡಿ.