ಜಾಝ್‌ಗೂ ಲೆಕ್ಕ ಇದೆ, ಮೇಷ್ಟ್ರೇ

ನಮ್ಮ ಜಾಝ್ ಪುಟಗಳನ್ನು ಓದಿ ಹಾಸನದ ಸಂಗೀತ ಮೇಷ್ಟ್ರೊಬ್ಬರು ಸಿಟ್ಟಿನಲ್ಲೇ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ‘ಒಬ್ಬೊಬ್ಬರು ಒಂದೊಂದು ಕಡೆ ಎಳೀತಾರೆ. ಲೆಕ್ಕ ಇಲ್ಲ, ತಾಳ ಇಲ್ಲ. ದೊಡ್ಡ ಹೋಟೆಲಲ್ಲಿ ಊಟದ ಜೊತೆ ಕೇಳೋ ಸಂಗೀತ ಅದು. ಮನೋಧರ್ಮ (ಆ ಕ್ಷಣಕ್ಕೆ ಹೊಳೆದ ಹಾಗೆ ಕಟ್ಟಿ ನುಡಿಸೋದು) ಬೇಕಂದ್ರೆ ನಮ್ಮಲ್ಲಿ ಇಲ್ವಾ? ತಿಂಗಳಿಗೆ ಎರಡು ಪುಟ ಯಾಕೆ?’

ಮೇಷ್ಟ್ರೇ, ನಮಸ್ಕಾರ. ಕಾಲೇಜಿನ ದಿನಗಳಿಂದ ಈ ಸಂಗೀತದ ಹುಚ್ಚು ಹಿಡಿಸಿಕೊಂಡವನು ನಾನು. ಪಕ್ಷಪಾತ ಇದ್ದೇ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ಲೆಕ್ಕ. ಮೈಲ್ಸ್ ಡೇವಿಸ್ 1959ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ‘ಕೈಂಡ್ ಆಫ್ ಬ್ಲೂ’ ರೆಕಾರ್ಡಿನ ಮೊದಲ ಟ್ಯೂನ್ ‘ಸೋ ವಾಟ್’ ತೆಗೆದುಕೊಳ್ಳಿ. ಅದರ ಸ್ವರಗಳನ್ನು ಸಾಲಾಗಿ ಹಾಡಿಕೊಂಡರೆ ನಿಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯವೇ. (ಗಮಕ ಇಲ್ಲ, ಸಂಚಾರ ಬೇರೆ. ರಾಗ ಅನ್ನಬೇಡಿ, ಮೇಳ, ಅಂದರೆ ಬರೀ ಸ್ವರಗಳ ಸಾಲು, ಅನ್ನಿ ಸಾಕು.) 16 ಬಾರ್ (ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಅಳತೆ) ಎರಡು ಮನೆ ಶ್ರುತಿಯಲ್ಲಿ (ಮನೆ ಅಂದರೆ ಹಾರ್ಮೋನಿಯಂ ಲೆಕ್ಕದ ಶ್ರುತಿ ಮಟ್ಟ), ಆಮೇಲೆ ಅದೇ ಮೇಳ 8 ಬಾರ್ ಎರಡೂವರೆ ಮನೆಗೆ ಏರುತ್ತದೆ, ಮತ್ತೆ 8 ಬಾರ್ ಮೊದಲಿನ ಮನೆಗೆ. ಒಟ್ಟು 32. ಯಾರೇ ನುಡಿಸಲಿ, ಈ ಸುತ್ತು ಬಿಟ್ಟು ಹೋಗುವ ಹಾಗಿಲ್ಲ. ಕೈಯಲ್ಲಿ ತಾಳ ಹಾಕಿ ತೋರಿಸುವವರಿಲ್ಲ, ಅಷ್ಟೇ. ಆ ಅರ್ಧ ಮನೆ ಏರುವ ಜಾಗ ಕಿವಿಗೆ ಸಿಕ್ಕಿತೋ, ಗದ್ದಲ ಅಂತ ಅನ್ನಿಸುವುದೇ ಇಲ್ಲ.

ಇನ್ನು ನುಡಿಸುವವರು. ಮೈಲ್ಸ್ ಟ್ರಂಪೆಟ್‌ನಲ್ಲಿ ಕೆಲವೇ ಸ್ವರ ನುಡಿಸಿ ಸುಮ್ಮನಾಗುತ್ತಾರೆ, ಆ ಬಿಡುವಿನಲ್ಲಿ ಪಾಲ್ ಚೇಂಬರ್ಸ್ ಅವರ ಬಾಸ್ ನಡೆಯುವುದು ಚೆನ್ನಾಗಿ ಕೇಳುತ್ತದೆ. ಮೈಲ್ಸ್ ಬೆನ್ನಿಗೆ ಸ್ಯಾಕ್ಸೊಫೋನ್ ಹಿಡಿದ ಜಾನ್ ಕೋಲ್ಟ್ರೇನ್. ಅದೇ ಮೇಳವನ್ನು ಜಾಲಾಡಿಬಿಡುತ್ತಾರೆ. ನಾಲ್ಕು ಸ್ವರ ಕೈಗೆ ಸಿಕ್ಕರೆ ತಿರುವಿ ಮುರುವಿ ನೋಡದೆ ಬಿಡುವ ಆಸಾಮಿ ಅಲ್ಲ. ಆಮೇಲೆ ಇನ್ನೊಬ್ಬ ಸ್ಯಾಕ್ಸೊಫೋನ್‌ನವರು ಕ್ಯಾನನ್‌ಬಾಲ್ ಆಡರ್ಲಿ, ಮದುವೆ ಮನೆಗೆ ಬಂದ ಖುಷಿಯ ಸೋದರಮಾವನ ಹಾಗೆ. ಮೂವರಿಗೂ ಸಿಕ್ಕಿದ್ದು ಒಂದೇ ಮೇಳ, ಒಂದೇ ಸುತ್ತು.

ಮನೋಧರ್ಮ ನಮ್ಮಲ್ಲಿದೆ, ಒಪ್ಪಿದೆ. ನಮ್ಮ ಮೃದಂಗದವರೂ ಹಾಡುವವರನ್ನು ಕೆಣಕುತ್ತಾರೆ. ಆದರೆ 1960ರ ದಶಕದಲ್ಲಿ ಕೋಲ್ಟ್ರೇನ್ ಜೊತೆ ಎಲ್ವಿನ್ ಜೋನ್ಸ್ ಡ್ರಮ್ಸ್ ಬಾರಿಸಿದ್ದನ್ನು ಕೇಳಿ, ಪಕ್ಕವಾದ್ಯ ಅನ್ನೋಕೆ ಬಾಯಿ ಬರುವುದಿಲ್ಲ.

ಹೋಟೆಲಿನ ಮಾತು ಮಾತ್ರ ಚುಚ್ಚಿತು. ‘ಕೈಂಡ್ ಆಫ್ ಬ್ಲೂ’ ಹೊರಬಂದ ಆಗಸ್ಟ್ ತಿಂಗಳಲ್ಲೇ, ತಾವು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಬಾಗಿಲ ಹೊರಗೆ, ತಮ್ಮದೇ ಹೆಸರಿನ ಬೋರ್ಡು ಇದ್ದ ಕಡೆ ನಿಂತಿದ್ದ, ಕಪ್ಪು ಜನರಲ್ಲೊಬ್ಬರಾದ ಮೈಲ್ಸ್ ಅವರನ್ನು ಪೊಲೀಸರು ‘ಇಲ್ಲಿಂದ ನಡೆ’ ಅಂದರು, ತಲೆ ಒಡೆಯುವ ಹಾಗೆ ಹೊಡೆದರು, ರಕ್ತ ಸುರಿಯುತ್ತಿದ್ದಂತೆಯೇ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 1939ರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಹಾಡಿದರು. ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದುದರ ಹಾಡು. ಅವರ ರೆಕಾರ್ಡ್ ಕಂಪನಿ ಅದನ್ನು ಮುಟ್ಟಲಿಲ್ಲ, ಬೇರೆ ಸಣ್ಣ ಕಂಪನಿ ಮಾಡಿತು. ಕೆಫೆ ಸೊಸೈಟಿ ಕ್ಲಬ್ಬಿನಲ್ಲಿ ಆ ಹಾಡಿಗೆ ಮುಂಚೆ ವೇಟರ್‌ಗಳು ಬಡಿಸುವುದನ್ನೇ ನಿಲ್ಲಿಸುತ್ತಿದ್ದರು. ಊಟದ ಸಂಗೀತ ಅಂದಿರಲ್ಲ, ಅದಕ್ಕೆ ಹೇಳಿದೆ.

ನಮ್ಮದು, ಅವರದು ಅಂತ ಗೋಡೆ ಹಾಕೋದು ಬೇಡ. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, 1983ರಲ್ಲಿ ‘ಜ್ಯೋತಿ’ ರೆಕಾರ್ಡ್ ಮಾಡಿದರು. ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ರೆಕಾರ್ಡ್ 2008ರದ್ದು. ಹಾಗಂತ ಫ್ಯೂಷನ್ ಹೆಸರಲ್ಲಿ ನಡೆಯುವುದೆಲ್ಲ ನನಗಿಷ್ಟ ಅಂದುಕೊಳ್ಳಬೇಡಿ. ಜಾಸ್ತಿ ಪಾಲು ತನಿ ಆವರ್ತನಕ್ಕೆ (ಕಛೇರಿಯಲ್ಲಿ ಮೃದಂಗದವರಿಗೆ ಬಿಟ್ಟುಕೊಡುವ ಭಾಗ) ಸುಮ್ನೆ ಗಿಟಾರು ಅಂಟಿಸಿದ್ದು.

ಎರಡು ಪುಟ ಇದ್ದೇ ಇರುತ್ತದೆ. ಮುಂದಿನ ಸಲ ಅದರಲ್ಲಿ ಒಂದು ಪುಟ ನಿಮಗೆ. ‘ಸೋ ವಾಟ್’ ಕೇಳಿ, ಖರಹರಪ್ರಿಯ ಪಾಠ ಹೇಳಿದ ಕಿವಿಗೆ ಅದರಲ್ಲಿ ಏನು ಸಾಲದು ಅನ್ನಿಸುತ್ತದೆ ಅಂತ ಬರೆಯಿರಿ. ಬೈದು ಬರೆದರೂ ಹಾಕುತ್ತೇವೆ, 20ನೇ ತಾರೀಖಿನೊಳಗೆ ಕಳಿಸಿದರೆ ಸಾಕು.