ಬೇಗ ಹಸಿರಾಗುವ ದೀಪ

ಪ್ರಶ್ನೆ: ಅಮ್ಮನ ಮೊಬಿಲಿಟಿ ಸ್ಕೂಟರನ್ನು (ನಡೆಯಲು ಕಷ್ಟವಿರುವವರು ಕೂತು ಓಡಿಸುವ ಬ್ಯಾಟರಿ ಗಾಡಿ) ಚಾರ್ಜಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಹಸಿರು ದೀಪ ಬರುತ್ತದೆ. ಆದರೆ ಗಾಂಧಿ ಬಜಾರ್ ತಲುಪುವಷ್ಟರಲ್ಲಿ ಗಾಡಿ ನಿಂತುಬಿಡುತ್ತದೆ. ಚಾರ್ಜರ್ ಕೆಟ್ಟಿದೆಯಾ?
– ಓದುಗರು, ಬಸವನಗುಡಿ

ಉತ್ತರ: ನನಗೆ ಬ್ಯಾಟರಿ ಮೇಲೇ ಜಾಸ್ತಿ ಅನುಮಾನ. ಬೇಗ ತುಂಬಿ ಬೇಗ ಖಾಲಿಯಾದರೆ ಅದು ಸೋತಿದೆ ಅಂತಲೇ ಲೆಕ್ಕ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಸೀಟಿನ ಕೆಳಗೆ 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿ ಇರುತ್ತವೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ವೋಲ್ಟೇಜ್ ನೋಡುವ ಮಲ್ಟಿಮೀಟರಿನಲ್ಲಿ ಒಂದೊಂದನ್ನೇ ಅಳೆಯಿಸಿ. ಚೆನ್ನಾಗಿರುವುದು ಸುಮಾರು 12.8 ವೋಲ್ಟ್ ತೋರಿಸುತ್ತದೆ. ಒಂದು 12ರ ಹತ್ತಿರ ಇಳಿದಿದ್ದರೆ ತೊಂದರೆ ಅಲ್ಲೇ. ಎರಡೂ ಸರಿಯಿದ್ದರೆ ಲೋಡ್ ಟೆಸ್ಟ್ (ಕರೆಂಟ್ ಎಳೆಯುವಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ. ಬದಲಿಸುವಾಗ ಮಾತ್ರ ಜೋಡಿಯನ್ನೇ ಬದಲಿಸಿ, ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ಅಲ್ಲಿಯವರೆಗೆ ಅಮ್ಮನನ್ನು ಒಬ್ಬರೇ ದೂರ ಕಳಿಸಬೇಡಿ.